ಕಡಿಮೆ ಖರ್ಚಿನಲ್ಲಿ ಮನೆಗೆ ಒಳ್ಳೆ ಇಂಟರ್ನೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕನೆಕ್ಷನ್ ಹಾಕಿಸುವವರು ಸಾಮಾನ್ಯವಾಗಿ ಮೊದಲು ಪ್ಲಾನ್ ನೋಡುತ್ತಾರೆ. ಆಮೇಲೆ ಕಂಪನಿ. ಯಾವ ಲೈನ್ ಬರುತ್ತಿದೆ ಅನ್ನುವುದು ಗೊತ್ತಾಗುವುದು ಟೆಕ್ನಿಷಿಯನ್ ಬಾಗಿಲಿಗೆ ಬಂದಾಗ. ಈ ಸರದಿಯನ್ನು ತಿರುಗಿಸಿ ಹಾಕಬೇಕು ಅನ್ನುವುದು ನನ್ನ ವಾದ. ಮೊದಲು ಲೈನ್, ಆಮೇಲೆ ಕಂಪನಿ, ಕಟ್ಟಕಡೆಗೆ ಪ್ಲಾನ್. ಒಳ್ಳೆ ಲೈನಿನ ಮೇಲೆ ಸಣ್ಣ ಪ್ಲಾನ್ ಇದ್ದರೆ ಮನೆ ನಡೆಯುತ್ತದೆ. ಕೆಟ್ಟ ಲೈನಿನ ಮೇಲೆ ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ದುಡ್ಡು ದಂಡ.

ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಮನೆ ಗೋಡೆಯವರೆಗೆ ಯಾವ್ಯಾವ ಲೈನ್ ಬರುತ್ತದೆ ಅನ್ನುವುದರಿಂದ. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಏರಿಯಾ ಹೆಸರು ಹಾಕಿದರೆ "ಸೇವೆ ಲಭ್ಯ" ಅಂತ ಹಸಿರು ಬಣ್ಣದಲ್ಲಿ ಬರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಆ ಮ್ಯಾಪ್‌ಗಳು ಏರಿಯಾ ಲೆಕ್ಕದಲ್ಲಿ ಇರುತ್ತವೆ, ಮನೆ ಲೆಕ್ಕದಲ್ಲಿ ಅಲ್ಲ. ಮುಂದಿನ ರಸ್ತೆಗೆ ಲೈನ್ ಬಂದಿದ್ದು ನಿಮ್ಮ ರಸ್ತೆಗೆ ಬರದೇ ಇರಬಹುದು. ಬಿಲ್ಡಿಂಗ್ ಒಳಗೆ ಕೇಬಲ್ ಎಳೆಯಲು ಮಾಲೀಕರು ಬಿಡದೇ ಇರಬಹುದು.

ಇದಕ್ಕಿಂತ ಸುಲಭದ ದಾರಿ ಅಕ್ಕಪಕ್ಕದವರನ್ನು ಕೇಳುವುದು. "ಯಾರ ನೆಟ್?" ಅಂತ ಮಾತ್ರ ಕೇಳಿ ಬಂದುಬಿಡಬೇಡಿ. ಕಳೆದ ಸಲ ಲೈನ್ ಹೋದಾಗ ಸರಿ ಮಾಡಲು ಎಷ್ಟು ಹೊತ್ತು ಹಿಡಿಯಿತು, ರಾತ್ರಿ ಹೊತ್ತು ಸ್ಲೋ ಆಗುತ್ತದಾ, ಬಿಲ್ ಸುಮ್ನೆ ಏರಿತ್ತಾ ಅಂತ ಕೇಳಿ. ಒಂದೇ ಲೈನಿನ ಮೇಲಿರುವ ಪಕ್ಕದ ಮನೆಯವರ ಅನುಭವಕ್ಕೆ ಇರುವ ಬೆಲೆ ಸಾವಿರ ಸ್ಟಾರ್ ರೇಟಿಂಗಿಗೂ ಇಲ್ಲ.

ಫೈಬರ್, ಕೇಬಲ್, ಡಿಎಸ್‌ಎಲ್, 5ಜಿ, ಸ್ಯಾಟಲೈಟ್: ಯಾವುದು ಒಳ್ಳೆಯದು?

ಫೈಬರ್ ಸಿಗುವ ಹಾಗಿದ್ದರೆ ಫೈಬರ್. ಇದರಲ್ಲಿ ಹೆಚ್ಚು ಯೋಚನೆ ಮಾಡುವುದು ಏನೂ ಇಲ್ಲ. ಗಾಜಿನ ಎಳೆಯಲ್ಲಿ ಬೆಳಕು ಓಡುತ್ತದೆ. ಕರೆಂಟಿನ ಗದ್ದಲ ಅದಕ್ಕೆ ತಟ್ಟುವುದಿಲ್ಲ, ಕೆಲವು ಕಿಲೋಮೀಟರ್ ದೂರವೂ ಅದಕ್ಕೆ ಲೆಕ್ಕಕ್ಕಿಲ್ಲ. ಅಪ್‌ಲೋಡ್ ಕೂಡ ಚೆನ್ನಾಗಿರುತ್ತದೆ. ಹಾಗಂತ ಆ ಎಳೆ ನಿಮ್ಮೊಬ್ಬರದೇ ಅಂದುಕೊಳ್ಳಬೇಡಿ. ಬಹಳ ಕಡೆ ಇರುವ ಜಿಪಾನ್ ಅನ್ನುವ ವ್ಯವಸ್ಥೆಯಲ್ಲಿ ಒಂದು ಎಳೆಗೆ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್, 1.25 ಗಿಗಾಬಿಟ್ ಅಪ್‌ಲೋಡ್ ಇರುತ್ತದೆ. ಅದನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆಯುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ.

ಟಿವಿ ಕೇಬಲ್ ಮೇಲೆ ಬರುವ ಇಂಟರ್ನೆಟ್ ಎರಡನೆಯದು. ಡೌನ್‌ಲೋಡ್ ಫೈಬರ್ ಹತ್ತಿರಕ್ಕೆ ಬರಬಲ್ಲದು, ಆದರೆ ಅಪ್‌ಲೋಡ್ ಅದರ ಒಂದು ಸಣ್ಣ ಪಾಲು ಮಾತ್ರ. ಇಡೀ ಬೀದಿ ಹಂಚಿಕೊಳ್ಳುವುದರಿಂದ ಸಂಜೆ ಹೊತ್ತು ಎಳೆದಾಟ ಜಾಸ್ತಿ.

ಫೋನಿನ ತಾಮ್ರದ ತಂತಿ ಮೇಲೆ ಬರುವುದು ಡಿಎಸ್‌ಎಲ್. ಇಲ್ಲಿ ಎಲ್ಲವೂ ದೂರದ ಆಟ. ಹಳೆಯ ಬಗೆಯಾದ ಎಡಿಎಸ್‌ಎಲ್2 ಪ್ಲಸ್, ಮನೆ ಟೆಲಿಫೋನ್ ಎಕ್ಸ್‌ಚೇಂಜ್ ಪಕ್ಕದಲ್ಲೇ ಇದ್ದರೆ 24 ಎಂಬಿಪಿಎಸ್‌ವರೆಗೆ (ಅಂದರೆ ಸೆಕೆಂಡಿಗೆ 24 ಮೆಗಾಬಿಟ್) ಕೊಡುತ್ತದೆ, ಕೆಲವು ಕಿಲೋಮೀಟರ್ ಆಚೆ ಹೋದರೆ ಅದರ ಕಾಲು ಭಾಗವೂ ಕಷ್ಟ. ಹೊಸ ವಿಡಿಎಸ್‌ಎಲ್ ಕೆಲವು ನೂರು ಮೀಟರ್ ಒಳಗೆ 100 ದಾಟಬಲ್ಲದು, ಒಂದು ಕಿಲೋಮೀಟರ್ ಆದಮೇಲೆ ಅದೂ ಸೋಲುತ್ತದೆ. ಹಾಗಾಗಿ ಡಿಎಸ್‌ಎಲ್ ಹಾಕಿಸುವ ಮುಂಚೆ "ನನ್ನ ಲೈನಿಗೆ ಎಷ್ಟು ಬರುತ್ತದೆ?" ಅಂತ ಕೇಳಿ. "ಎಷ್ಟರವರೆಗೆ ಬರಬಹುದು?" ಅಂತ ಕೇಳಿದರೆ ಜಾಹೀರಾತಿನ ಅಂಕಿಯನ್ನೇ ಓದಿ ಹೇಳುತ್ತಾರೆ.

4ಜಿ, 5ಜಿ ಮೇಲೆ ನಡೆಯುವ ಮನೆ ಇಂಟರ್ನೆಟ್ ಬೇಗ ಶುರುವಾಗುತ್ತದೆ. ಗೋಡೆ ಕೊರೆಯುವ ಕೆಲಸ ಇಲ್ಲ. ಬಾಡಿಗೆ ಮನೆಯವರಿಗೆ, ಪದೇ ಪದೇ ಮನೆ ಬದಲಿಸುವವರಿಗೆ ಇದು ನಿಜವಾಗಿಯೂ ಅನುಕೂಲ. ಆದರೆ ಟವರಿಗೆ ನಿಮ್ಮ ಮನೆ ಎಷ್ಟು ಎದುರಾಗಿದೆ, ಆ ಟವರಿನ ಮೇಲೆ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ವಾಪಸ್ ಕೊಡುವ ಅವಕಾಶ ಇಟ್ಟುಕೊಂಡೇ ತೆಗೆದುಕೊಳ್ಳಿ.

ಸ್ಯಾಟಲೈಟ್ ಬೇರೆ ಏನೂ ಬರದ ಕಡೆಗೆ. ಅದರಲ್ಲೂ ಎರಡು ಜಾತಿ ಇದೆ. ಹಳೆಯ ಬಗೆಯ ಉಪಗ್ರಹ ಭೂಮಿಯಿಂದ 35,786 ಕಿಲೋಮೀಟರ್ ಮೇಲಿರುತ್ತದೆ. ಒಂದು ಕ್ಲಿಕ್ ಮೇಲೆ ಹೋಗಿ ಉತ್ತರ ತರಲು ಸುಮಾರು 600 ಮಿಲಿಸೆಕೆಂಡ್ ಬೇಕು. ಇದರಲ್ಲಿ ಬಹುಪಾಲು ಬೆಳಕಿನ ವೇಗದ ಮಿತಿ, ಅದನ್ನು ಯಾವ ಕಂಪನಿಯೂ ಕಡಿಮೆ ಮಾಡಲು ಆಗುವುದಿಲ್ಲ. ವಿಡಿಯೋ ಕಾಲಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುವ ಫಜೀತಿ ಇಲ್ಲಿಂದಲೇ. ಸ್ಟಾರ್‌ಲಿಂಕ್‌ನಂಥವು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲೇ ಓಡುವುದರಿಂದ ಆ ತೊಂದರೆ ಇಲ್ಲ. ಆದರೆ ಡಿಶ್‌ಗೆ ಮೊದಲೇ ದುಡ್ಡು ಹಾಕಬೇಕು.

"ಫೈಬರ್ ಪ್ಲಾನ್" ಅಂತ ಬರೆದಿದ್ದಾರೆ. ಅಂದರೆ ಮನೆವರೆಗೂ ಫೈಬರ್ ಬರುತ್ತದೆ ಅಲ್ವಾ?

ಬರಬೇಕಂತೇನೂ ಇಲ್ಲ. ಬೀದಿಯ ಪೆಟ್ಟಿಗೆವರೆಗೆ ಫೈಬರ್, ಅಲ್ಲಿಂದ ಮನೆಗೆ ತಾಮ್ರ. ಇದನ್ನೂ ಫೈಬರ್ ಅಂತಲೇ ಮಾರುವವರಿದ್ದಾರೆ. ಬಿಲ್ಡಿಂಗ್ ಕೆಳಗಿನವರೆಗೆ ಫೈಬರ್ ತಂದು ಅಲ್ಲಿಂದ ಮಹಡಿಗೆ ಮಾಮೂಲಿ ಲ್ಯಾನ್ ಕೇಬಲ್ ಎಳೆಯುವುದೂ ಉಂಟು. ಎರಡನೆಯದು ಕೆಲಸ ಕೆಟ್ಟದಾಗಿ ಮಾಡದಿದ್ದರೆ ಪರವಾಗಿಲ್ಲ.

ಕಣ್ಣಿನಲ್ಲೇ ಗುರುತಿಸಬಹುದು. ಮನೆವರೆಗೂ ಫೈಬರ್ ಬಂದಿದ್ದರೆ ತೆಳ್ಳಗಿನ ವಯರ್ ಒಂದು ಓಎನ್‌ಟಿ ಅನ್ನುವ ಪೆಟ್ಟಿಗೆಗೆ ಹೋಗಿ ಸೇರುತ್ತದೆ. ಅದರ ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಪಿನ್ ಇರುತ್ತದೆ. ಪೆಟ್ಟಿಗೆಯ ಮೇಲೆ ಪಾನ್ ಅಂತ ಒಂದು ಹಸಿರು ದೀಪ, ಲಾಸ್ ಅಂತ ಇನ್ನೊಂದು ದೀಪ. ಲಾಸ್ ಕೆಂಪಗೆ ಮಿಟುಕಿದರೆ ಬೆಳಕು ಒಳಗೆ ಬರುತ್ತಿಲ್ಲ ಅಂತ ಅರ್ಥ, ಅಂದರೆ ವಯರ್ ಎಲ್ಲೋ ಮುರಿದಿದೆ ಅಥವಾ ಜಾಸ್ತಿ ಬಗ್ಗಿದೆ. ಆಗ ರೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ "ಲಾಸ್ ಕೆಂಪು ಬಂದಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಅರ್ಧ ಗಂಟೆ ಉಳಿಯುತ್ತದೆ.

ನಮ್ಮ ಮನೆಗೆ ಎಷ್ಟು ಸ್ಪೀಡ್ ಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ದುಡ್ಡು ಉಳಿಯುವ ಜಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ 1080ಪಿ (ಫುಲ್ ಎಚ್‌ಡಿ) ವಿಡಿಯೋಗೆ 5 ಎಂಬಿಪಿಎಸ್ ಸಾಕು, 4ಕೆ ವಿಡಿಯೋಗೆ 15. ವಿಡಿಯೋ ಕಾಲ್ ಒಂದಕ್ಕೆ ಎರಡೂ ಕಡೆ 3ರಿಂದ 4 ಇದ್ದರೆ ಚೆನ್ನಾಗಿ ನಡೆಯುತ್ತದೆ. ಹಾಡು ಕೇಳಲು ಅರ್ಧ ಎಂಬಿಪಿಎಸ್ ಕೂಡ ಬೇಡ. ಆನ್‌ಲೈನ್ ಗೇಮ್ ಅಂದರೆ ಹೆದರುತ್ತಾರೆ, ಆದರೆ ಆಡುವಾಗ ಅದು ಎಳೆಯುವುದು ತೀರಾ ಸ್ವಲ್ಪ. ಅದಕ್ಕೆ ಬೇಕಾಗಿರುವುದು ಬೇಗ ಉತ್ತರ ತರುವ ಲೈನ್.

ಈಗ ಮನೆಯ ಅತಿ ಗಲಾಟೆಯ ಹೊತ್ತನ್ನು ನೆನೆಸಿಕೊಳ್ಳಿ. ಹಾಲಿನ ಟಿವಿಯಲ್ಲಿ 4ಕೆ ಸಿನಿಮಾ, ಒಳಗಡೆ ಒಬ್ಬರ ಆಫೀಸ್ ಮೀಟಿಂಗ್, ಇನ್ನೊಂದು ರೂಮಿನಲ್ಲಿ ಆನ್‌ಲೈನ್ ಕ್ಲಾಸ್, ಇಬ್ಬರ ಕೈಯಲ್ಲಿ ಫೋನ್. 15, 4, 4, ಫೋನ್‌ಗಳಿಗೆ ತಲಾ 5. ಒಟ್ಟು 33. ಹಿಂದೆ ಗೊತ್ತಿಲ್ಲದ ಹಾಗೆ ನಡೆಯುವ ಅಪ್‌ಡೇಟ್‌ಗಳಿಗೆ ಒಂದಿಷ್ಟು ಸೇರಿಸಿ 50 ಅಂತಿಟ್ಟುಕೊಳ್ಳಿ. ನಾಲ್ಕೈದು ಜನರ ಮನೆಗೆ ನಿಜವಾದ 50 ಎಂಬಿಪಿಎಸ್ ಬಂದರೆ ಸಲೀಸಾಗಿ ನಡೆಯುತ್ತದೆ. 100 ಇದ್ದರೆ ಧಾರಾಳ.

ಹಾಗಾದರೆ 500, 1000 ಯಾರಿಗೆ? ದೊಡ್ಡ ಫೈಲುಗಳನ್ನು ದಿನವೂ ಇಳಿಸುವವರಿಗೆ. 100 ಜಿಬಿಯ ಗೇಮ್ ಒಂದನ್ನು 100 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು ಸುಮಾರು ಎರಡೂಕಾಲು ಗಂಟೆ ಬೇಕು, 1000ದಲ್ಲಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಇದು ತಿಂಗಳಿಗೊಮ್ಮೆ ನಡೆಯುವ ಕೆಲಸವಾದರೆ ರಾತ್ರಿ ಹಾಕಿ ಮಲಗಿ. ಅದಕ್ಕೋಸ್ಕರ ಪ್ರತಿ ತಿಂಗಳೂ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಇನ್ನೂ ಒಂದು ಮಾತು. ಪ್ಲಾನ್ ದೊಡ್ಡದು ಮಾಡುವುದು ಯಾವಾಗ ಬೇಕಾದರೂ ಒಂದು ಫೋನ್ ಕಾಲಿನಲ್ಲಿ ಆಗುತ್ತದೆ. ಚಿಕ್ಕದು ಮಾಡಲು ಹೋದರೆ ಮಾತ್ರ ನೂರೆಂಟು ಷರತ್ತು. ಹಾಗಾಗಿ ಚಿಕ್ಕದರಿಂದಲೇ ಶುರು ಮಾಡಿ.

100 ಎಂಬಿಪಿಎಸ್ ಪ್ಲಾನ್. ಡೌನ್‌ಲೋಡ್ ಮಾಡಿದರೆ 12 ಅಂತ ತೋರಿಸುತ್ತಿದೆ. ಇದು ಮೋಸ ಅಲ್ವಾ?

ಅಲ್ಲ. ಕಂಪನಿ ಹೇಳುವುದು ಮೆಗಾಬಿಟ್ ಲೆಕ್ಕ, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಬರಬೇಕಾದ್ದು ಬರುತ್ತಿದೆ.

ಅಪ್‌ಲೋಡ್ ಸ್ಪೀಡ್ ಬಗ್ಗೆ ಯಾರೂ ಹೇಳುವುದೇ ಇಲ್ಲ. ಅದು ಮುಖ್ಯವಾ?

ಹೇಳದೇ ಇರುವುದಕ್ಕೆ ಕಾರಣ ಇದೆ, ಬಹಳ ಪ್ಲಾನ್‌ಗಳಲ್ಲಿ ಅದು ನಾಚಿಕೆ ಆಗುವಷ್ಟು ಕಡಿಮೆ. ಮನೆಯಿಂದ ಕೆಲಸ ಮಾಡುವವರು ಇದ್ದರೆ ಡೌನ್‌ಲೋಡಿಗಿಂತ ಮೊದಲು ಇದನ್ನೇ ಕೇಳಿ.

ಸಾಮಾನ್ಯವಾಗಿ ಹೀಗಾಗುತ್ತದೆ. ಮೀಟಿಂಗ್ ನಡೆಯುತ್ತಿರುತ್ತದೆ. ಹೊರಗೆ ಹೋಗಿದ್ದ ಯಾರೋ ಮನೆಗೆ ಬರುತ್ತಾರೆ. ಅವರ ಫೋನ್ ವೈಫೈ ಹಿಡಿದ ತಕ್ಷಣ ಅವತ್ತಿನ ಫೋಟೋ, ವಿಡಿಯೋಗಳನ್ನೆಲ್ಲ ಬ್ಯಾಕಪ್ ಮಾಡಲು ಶುರು ಮಾಡುತ್ತದೆ. ನಿಮ್ಮ ದನಿ ಆ ಕಡೆಯವರಿಗೆ ತುಂಡು ತುಂಡಾಗಿ ಕೇಳಿಸುತ್ತದೆ. ನಿಮಗೆ ಮಾತ್ರ ಅವರು ಸ್ಪಷ್ಟವಾಗಿ ಕಾಣುತ್ತಿರುತ್ತಾರೆ, ಯಾಕೆಂದರೆ ಡೌನ್‌ಲೋಡ್ ಖಾಲಿಯೇ ಇದೆ. ಅಪ್‌ಲೋಡಿನ ಸಣ್ಣ ದಾರಿ ತುಂಬಿಹೋಗಿ, ನಿಮ್ಮ ಮಾತು ಫೋಟೋಗಳ ಹಿಂದೆ ಸಾಲಿನಲ್ಲಿ ನಿಂತಿದೆ. ಹತ್ತಿರ ಹತ್ತಿರ 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಒಂದೇ ರೇಟಿಗೆ ಎರಡು ಪ್ಲಾನ್ ಇದ್ದು, ಒಂದು 200 ಇಳಿಸಿ 10 ಏರಿಸುತ್ತದೆ, ಇನ್ನೊಂದು ಎರಡೂ ಕಡೆ 50 ಅಂದರೆ, ನಾನು ಕಣ್ಣು ಮುಚ್ಚಿ ಎರಡನೆಯದನ್ನು ಆರಿಸುತ್ತೇನೆ.

ಪಿಂಗ್, ಜಿಟ್ಟರ್ ಅಂದರೆ ಏನು?

ನೀವು ಕಳಿಸಿದ ಒಂದು ಸಣ್ಣ ಸಂದೇಶ ಹೋಗಿ ಉತ್ತರ ತರಲು ಹಿಡಿಯುವ ಹೊತ್ತು ಪಿಂಗ್. ಆ ಹೊತ್ತು ಒಂದೊಂದು ಸಲ ಒಂದೊಂದು ಥರ ಆದರೆ ಜಿಟ್ಟರ್. ಪಿಂಗ್ 50 ಮಿಲಿಸೆಕೆಂಡ್ ಒಳಗಿದ್ದರೆ ಕಾಲ್, ಗೇಮ್ ಎಲ್ಲ ಆರಾಮ. ಲೈನ್ ಖಾಲಿ ಇದ್ದಾಗ ಪಿಂಗ್ ನೋಡಿ ಖುಷಿಪಡಬೇಡಿ. ದೊಡ್ಡ ಡೌನ್‌ಲೋಡ್ ಒಂದನ್ನು ಹಾಕಿಟ್ಟು ಆಮೇಲೆ ನೋಡಿ. 20 ಇದ್ದದ್ದು 300 ಆದರೆ ರೂಟರ್ ಡೇಟಾವನ್ನು ಗುಡ್ಡೆ ಹಾಕಿಕೊಂಡು ಕೂತಿದೆ ಅಂತ ಅರ್ಥ. ರೂಟರ್ ಸೆಟ್ಟಿಂಗ್‌ನಲ್ಲಿ ಕ್ಯೂಓಎಸ್ (ಯಾವ ಡೇಟಾ ಮೊದಲು ಹೋಗಬೇಕು ಅಂತ ನೋಡಿಕೊಳ್ಳುವ ಸೌಲಭ್ಯ) ಇದ್ದರೆ ಆನ್ ಮಾಡಿ ಮತ್ತೆ ನೋಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಅನ್‌ಲಿಮಿಟೆಡ್ ಅಂದಮೇಲೆ ಮತ್ತೆ ಲಿಮಿಟ್ ಎಲ್ಲಿಂದ ಬಂತು?

ಸಣ್ಣ ಅಕ್ಷರದಿಂದ. ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಅಂತ ಹುಡುಕಿ. ಇಷ್ಟು ಜಿಬಿ ಆದಮೇಲೆ ಸ್ಪೀಡ್ ಇಷ್ಟಕ್ಕೆ ಇಳಿಯುತ್ತದೆ ಅಂತ ಬರೆದಿರುತ್ತದೆ. ನೆಟ್ ನಿಲ್ಲುವುದಿಲ್ಲ, ಹಾಗಾಗಿ "ಅನ್‌ಲಿಮಿಟೆಡ್" ಅನ್ನುವ ಮಾತು ಸುಳ್ಳಲ್ಲ ಅಂತ ಅವರ ವಾದ. 2 ಎಂಬಿಪಿಎಸ್‌ಗೆ ಇಳಿದ ಮೇಲೆ ಮನೆಮಂದಿಗೆಲ್ಲ ನೆಟ್ ಇದೆ ಅಂತ ಹೇಳಲು ಮಾತ್ರ ಆಗುತ್ತದೆ.

ನಿಮ್ಮ ಮನೆಗೆ ಎಷ್ಟು ಬೇಕು? ಎಚ್‌ಡಿ ವಿಡಿಯೋ ಗಂಟೆಗೆ ಹೆಚ್ಚೆಂದರೆ 3 ಜಿಬಿ, 4ಕೆ ಆದರೆ 7 ಜಿಬಿ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಎಚ್‌ಡಿ ಅಂದರೆ ತಿಂಗಳಿಗೆ 360 ಜಿಬಿ. ಇದು ಎಲ್ಲರೂ ಹಾಕುವ ಲೆಕ್ಕ. ಯಾರೂ ಹಾಕದ ಲೆಕ್ಕ ಸೆಕ್ಯುರಿಟಿ ಕ್ಯಾಮೆರಾದ್ದು. 2 ಎಂಬಿಪಿಎಸ್‌ನಲ್ಲಿ ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸುತ್ತಾ ಇರುವ ಒಂದೇ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ ಕಳಿಸುತ್ತದೆ. ಬಹಳ ಕಂಪನಿಗಳು ಅಪ್‌ಲೋಡನ್ನೂ ಲಿಮಿಟ್‌ಗೆ ಸೇರಿಸುತ್ತವೆ. ಚಲನೆ ಕಂಡಾಗ ಮಾತ್ರ ಕಳಿಸುವ ಹಾಗೆ ಕ್ಯಾಮೆರಾ ಸೆಟ್ ಮಾಡಿಕೊಳ್ಳಿ, ಇಲ್ಲವೇ ಮೆಮೊರಿ ಕಾರ್ಡ್ ಹಾಕಿ.

ತಿಂಗಳ ರೇಟ್ ಯಾರದ್ದು ಕಡಿಮೆಯೋ ಅವರದ್ದನ್ನೇ ಹಾಕಿಸಿದರೆ ಆಯಿತಲ್ಲ?

ಎರಡು ವರ್ಷದ ಲೆಕ್ಕ ಹಾಕಿ ನೋಡಿ, ಆಮೇಲೆ ಹೇಳಿ. ಲೆಕ್ಕಕ್ಕೆ ಬರೀ ಅಂಕಿ ಇಟ್ಟುಕೊಳ್ಳೋಣ. ಮೊದಲ ಕಂಪನಿ ತಿಂಗಳಿಗೆ 10 ಅನ್ನುತ್ತದೆ. ಆದರೆ ಅದು ಮೊದಲ ವರ್ಷಕ್ಕೆ ಮಾತ್ರ, ಎರಡನೇ ವರ್ಷ 14. ರೂಟರ್ ಬಾಡಿಗೆ ತಿಂಗಳಿಗೆ 2. ಇನ್‌ಸ್ಟಾಲೇಶನ್ ಒಂದು ಸಲಕ್ಕೆ 15. ಎಲ್ಲ ಕೂಡಿದರೆ ಎರಡು ವರ್ಷಕ್ಕೆ 351. ಎರಡನೇ ಕಂಪನಿ ತಿಂಗಳಿಗೆ 13 ಅನ್ನುತ್ತದೆ. ಏರಿಕೆ ಇಲ್ಲ, ರೂಟರ್ ಬಾಡಿಗೆ ಇಲ್ಲ, ಇನ್‌ಸ್ಟಾಲೇಶನ್ ಇಲ್ಲ. ಎರಡು ವರ್ಷಕ್ಕೆ 312. "ದುಬಾರಿ" ಕಂಪನಿಯಲ್ಲಿ ಮೂರು ತಿಂಗಳ ಬಿಲ್ ಉಳಿಯಿತು.

ಕೇಳಬೇಕಾದ್ದು ಇಷ್ಟು: ಈ ರೇಟ್ ಎಷ್ಟು ತಿಂಗಳಿಗೆ, ಆಮೇಲೆ ಎಷ್ಟು, ತೆರಿಗೆ ಸೇರಿದೆಯಾ, ರೂಟರ್ ಬಾಡಿಗೆಯಾ ಡೆಪಾಸಿಟ್ಟಾ, ಡೆಪಾಸಿಟ್ ವಾಪಸ್ ಬರುತ್ತದಾ, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು. ಉತ್ತರವನ್ನು ಮೆಸೇಜ್ ಅಥವಾ ಮೇಲ್‌ನಲ್ಲಿ ಬರೆಸಿಕೊಳ್ಳಿ. ಸೇಲ್ಸ್‌ನವರು ಫೋನಿನಲ್ಲಿ ಹೇಳಿದ ಸಿಹಿ ಮಾತು ಬಿಲ್ ಬರುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಕೊಡುತ್ತಾರಂತೆ. ಕಟ್ಟಬಹುದಾ?

ಮೊದಲ ಸಲವೇ ಬೇಡ. ಎರಡು ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ನಡೆಸಿ. ಲೈನ್ ಹೋದಾಗ ಅವರು ಹೇಗೆ ಬರುತ್ತಾರೆ ಅಂತ ಒಂದು ಸಲವಾದರೂ ನೋಡಿ. ಆಮೇಲೆ ಕಟ್ಟಿ. ವರ್ಷದ ದುಡ್ಡು ಅವರ ಕೈ ಸೇರಿದ ಮೇಲೆ ನಿಮ್ಮ ದೂರಿಗೆ ಇರುವ ತೂಕವೇ ಬೇರೆ.

ಸಿನಿಮಾ ಆ್ಯಪ್‌ಗಳು ಫ್ರೀ ಇರುವ ಪ್ಲಾನ್ ಲಾಭ ಅಲ್ವಾ?

ಆ ಆ್ಯಪ್‌ಗಳಿಗೆ ನೀವು ಈಗಾಗಲೇ ದುಡ್ಡು ಕೊಡುತ್ತಿದ್ದರೆ ಲಾಭ. ಇಲ್ಲದಿದ್ದರೆ ಬೇಡದ್ದನ್ನು ಕೊಂಡ ಹಾಗೆ. ಎಷ್ಟೋ ಸಲ ಕೊಡುವುದು ಫೋನಿನಲ್ಲಿ ಮಾತ್ರ ನಡೆಯುವ, ಜಾಹೀರಾತು ಬರುವ ಕೆಳಗಿನ ದರ್ಜೆಯದು. ಅದನ್ನೂ ವಿಚಾರಿಸಿ.

ದೊಡ್ಡ ಕಂಪನಿ ಒಳ್ಳೆಯದಾ, ಏರಿಯಾದ ಸಣ್ಣ ಕಂಪನಿಯಾ?

ಎರಡೂ ಕಡೆ ನೋಡಿದವರ ಅನುಭವ ಒಂದೇ ಥರ ಇರುವುದಿಲ್ಲ. ದೊಡ್ಡವರ ಹತ್ತಿರ ಮುಖ್ಯ ಲೈನ್ ಗಟ್ಟಿ, ಬಿಲ್ ಕ್ರಮಬದ್ಧ. ಆದರೆ ದೂರು ಕೊಟ್ಟರೆ ಮೊದಲು ರೆಕಾರ್ಡ್ ಮಾಡಿದ ಧ್ವನಿ, ಆಮೇಲೆ ಟಿಕೆಟ್ ನಂಬರ್, ಆಮೇಲೆ ಕಾಯುವುದು. ಸಣ್ಣವರಾದರೆ ಟೆಕ್ನಿಷಿಯನ್ ನಂಬರೇ ನಿಮ್ಮ ಫೋನಿನಲ್ಲಿ ಇರುತ್ತದೆ, ಮನೆ ಗುರುತೂ ಇರುತ್ತದೆ. ಆದರೆ ಅವರು ಮೇಲಿನವರಿಂದ ಕೊಂಡ ಸಾಮರ್ಥ್ಯಕ್ಕಿಂತ ತುಂಬಾ ಜಾಸ್ತಿ ಗಿರಾಕಿಗಳನ್ನು ಸೇರಿಸಿಕೊಂಡರೆ ಸಂಜೆ ಎಲ್ಲರಿಗೂ ಪರದಾಟ. ರೇಟ್ ಒಂದೇ ಆಗಿದ್ದರೆ, ಮನೆ ಹತ್ತಿರ ಸ್ವಂತ ರಿಪೇರಿ ಜನ ಯಾರಿಗಿದ್ದಾರೋ ಅವರ ಕಡೆ ನನ್ನ ಓಟು.

ಹಗಲೆಲ್ಲ ಚೆನ್ನಾಗಿರುತ್ತದೆ, ರಾತ್ರಿ ಎಂಟರ ಮೇಲೆ ಸ್ಲೋ. ಯಾಕೆ?

ಎಲ್ಲರೂ ಮನೆಗೆ ಬಂದು ಟಿವಿ ಹಾಕುವ ಹೊತ್ತು ಅದು. ಕಂಪನಿಗಳು ಒಂದೇ ಸಾಮರ್ಥ್ಯವನ್ನು ಹಲವು ಮನೆಗಳಿಗೆ ಮಾರುತ್ತವೆ. ಅದರಲ್ಲಿ ತಪ್ಪಿಲ್ಲ, ಮನೆ ಇಂಟರ್ನೆಟ್ ಅಗ್ಗವಾಗಿ ಸಿಗುವುದೇ ಅದರಿಂದ. ಆದರೆ ಹಂಚಿಕೆ ಮಿತಿ ಮೀರಿದಾಗ ಹೀಗಾಗುತ್ತದೆ. ಇದಕ್ಕೆ ದೊಡ್ಡ ಪ್ಲಾನ್ ಮದ್ದಲ್ಲ. ಇಕ್ಕಟ್ಟು ನಿಮ್ಮ ಮನೆಯಿಂದ ಆಚೆ ಇದೆ. "ಮೇಲಿನ ಪ್ಲಾನ್‌ಗೆ ಹೋಗಿ, ಸರಿಹೋಗುತ್ತದೆ" ಅಂತ ಕಸ್ಟಮರ್ ಕೇರ್‌ನವರು ಹೇಳಿದರೆ ಒಪ್ಪಬೇಡಿ. ಒಂದು ವಾರ ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಟೆಸ್ಟ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ.

ಸ್ಪೀಡ್ ಟೆಸ್ಟ್ ಸರಿಯಾಗಿ ಮಾಡುವುದು ಹೇಗೆ?

ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೂಟರಿಗೆ ಚುಚ್ಚಿ. ವೈಫೈ ಮೇಲೆ ಮಾಡಿದ ಟೆಸ್ಟ್ ನಿಮ್ಮ ಗೋಡೆಗಳ ಟೆಸ್ಟ್, ಕಂಪನಿಯದ್ದಲ್ಲ. ಉಳಿದ ಫೋನ್, ಟಿವಿ ಎಲ್ಲ ಬಿಡಿಸಿ. ಒಂದೇ ಟೆಸ್ಟ್ ನಂಬಬೇಡಿ. ಊಕ್ಲಾ ಸ್ಪೀಡ್‌ಟೆಸ್ಟ್ ತಾನಾಗಿ ಹತ್ತಿರದ ಸರ್ವರ್ ಆರಿಸುತ್ತದೆ, ಅದು ಕೆಲವೊಮ್ಮೆ ನಿಮ್ಮ ಕಂಪನಿಯದ್ದೇ ಆಗಿರುತ್ತದೆ. ಅಂಕಿ ಚೆನ್ನಾಗಿ ಬರದೇ ಇರುತ್ತದಾ! ಬೇರೆ ಊರಿನ ಸರ್ವರ್ ಆರಿಸಿ ಇನ್ನೊಮ್ಮೆ ಮಾಡಿ. ಫಾಸ್ಟ್ ಡಾಟ್ ಕಾಮ್ ಅನ್ನುವುದು ನೆಟ್‌ಫ್ಲಿಕ್ಸ್‌ನವರದ್ದು, ಅವರದೇ ಸರ್ವರ್‌ಗಳಿಂದ ಅಳೆಯುತ್ತದೆ. ಅದನ್ನೂ ನೋಡಿ.

300ರ ಪ್ಲಾನ್ ಹಾಕಿಸಿದ್ದೇವೆ. ಕೇಬಲ್ ಚುಚ್ಚಿ ನೋಡಿದರೂ 95ರ ಹತ್ತಿರವೇ ನಿಲ್ಲುತ್ತದೆ. ಏನಾಗಿದೆ?

ಈ 95 ಅನ್ನುವ ಅಂಕಿಯೇ ಕಳ್ಳನ ಸುಳಿವು. ಎಲ್ಲೋ ಒಂದು ಕಡೆ 100ರ ಗೇಟ್ ಇದೆ. ಮೊದಲ ಅನುಮಾನ ರೂಟರ್ ಮೇಲೆ. ಅಗ್ಗದ ರೂಟರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದೇ ಆಗಿರುತ್ತದೆ. ಡಬ್ಬಿ ಮೇಲೆ "ವೈಫೈ 1200" ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಪೋರ್ಟ್ ಗಿಗಾಬಿಟ್ ಇದೆಯಾ ಅಂತ ಬೇರೆ ನೋಡಬೇಕು.

ಎರಡನೆಯ ಅನುಮಾನ ಕೇಬಲ್ ಮೇಲೆ. ಲ್ಯಾನ್ ಕೇಬಲ್ ಒಳಗೆ ಎಂಟು ಎಳೆ, ಎರಡೆರಡಾಗಿ ಹೆಣೆದ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ತುದಿಯ ಪಿನ್‌ನಲ್ಲಿ ಒಂದು ಎಳೆ ಸರಿಯಾಗಿ ಕಚ್ಚದೇ ಇದ್ದರೆ ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ನೆಟ್ ನಡೆಯುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಪಾರದರ್ಶಕ ಪಿನ್‌ನನ್ನು ಬೆಳಕಿಗೆ ಹಿಡಿದು ಎಂಟೂ ಬಣ್ಣ ತುದಿಯವರೆಗೆ ಬಂದಿವೆಯಾ ನೋಡಿ. ಕೇಬಲ್ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಅಚ್ಚಾಗಿರಬೇಕು. ಇದನ್ನು ಸರಿ ಮಾಡಿಸದೆ 300ಕ್ಕೆ ದುಡ್ಡು ಕಟ್ಟುತ್ತಾ ಇರುವ ಮನೆಗಳು ಕಡಿಮೆ ಇಲ್ಲ.

ಒಳಗಿನ ರೂಮಿಗೆ ವೈಫೈ ಬರುವುದಿಲ್ಲ. ಕಂಪನಿ ಬದಲಿಸಬೇಕಾ?

ರೂಟರಿನ ಜಾಗ ಬದಲಿಸಿ. ಮನೆಯ ಮೂಲೆಯಲ್ಲಿ, ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ ಇಟ್ಟ ರೂಟರ್ ಪಾಪ ಏನು ಮಾಡೀತು? ಮನೆ ಮಧ್ಯಕ್ಕೆ, ತಲೆ ಎತ್ತರಕ್ಕೆ ತನ್ನಿ. ವೈಫೈಗೆ ಸಾಮಾನ್ಯವಾಗಿ ಎರಡು ಬ್ಯಾಂಡ್ ಇರುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ ಮತ್ತು ಅಕ್ಕಪಕ್ಕದ ಎಲ್ಲರ ರೂಟರೂ ಅದರಲ್ಲೇ ಕಿರುಚುತ್ತಿರುತ್ತದೆ. 5 ಗಿಗಾಹರ್ಟ್ಸ್ ಜೋರು, ಗೋಡೆ ದಾಟಲು ಸೋಮಾರಿ. 2.4ರಲ್ಲಿ ಚಾನಲ್ 1, 6, 11 ಈ ಮೂರರಲ್ಲಿ ಒಂದನ್ನು ಇಟ್ಟರೆ ಗದ್ದಲ ಕಡಿಮೆ.

ಅದಕ್ಕೂ ಬಗ್ಗದಿದ್ದರೆ ಒಳಗಿನ ರೂಮಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ ಅಲ್ಲಿ ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಪೆಟ್ಟಿಗೆ) ಮಾಡಿ. ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್‌ಗಳು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಮತ್ತೆ ಹೇಳುವುದರಿಂದ ಸ್ಪೀಡ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ.

ರೂಟರ್ ಅವರದ್ದೇ ಇರಲಾ, ನಾವೇ ಕೊಳ್ಳಬೇಕಾ?

ಬಾಡಿಗೆ ಇಲ್ಲದಿದ್ದರೆ ಅವರದ್ದೇ ಇರಲಿ, ಕೆಟ್ಟರೆ ಅವರೇ ಬದಲಿಸುತ್ತಾರೆ. ಬಾಡಿಗೆ ಇದ್ದರೆ ಎಷ್ಟು ತಿಂಗಳ ಬಾಡಿಗೆಗೆ ಹೊಸದು ಬರುತ್ತದೆ ಅಂತ ಲೆಕ್ಕ ಹಾಕಿ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಕೊಂಡದ್ದೇ ಅಗ್ಗ ಆಗುತ್ತದೆ. ಕೊಳ್ಳುವ ಮುಂಚೆ ಹೊರಗಿನ ರೂಟರ್ ಹಾಕಲು ಬಿಡುತ್ತಾರಾ ಅಂತ ಕೇಳಿ.

ಡಿಎನ್‌ಎಸ್ ಬದಲಿಸಿದರೆ ಸ್ಪೀಡ್ ಜಾಸ್ತಿ ಆಗುತ್ತದಾ?

ಇಲ್ಲ. ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ. ಕಂಪನಿಯ ಡಿಎನ್‌ಎಸ್ ಮಂದವಾಗಿದ್ದರೆ 1.1.1.1 ಅಥವಾ 8.8.8.8 ಹಾಕಿದಾಗ ಪೇಜುಗಳು ಸ್ವಲ್ಪ ಬೇಗ ತೆರೆಯಲು ಶುರುವಾಗುತ್ತವೆ. ಡೌನ್‌ಲೋಡ್ ಅಷ್ಟೇ ಇರುತ್ತದೆ.

ಹೊರಗಡೆಯಿಂದ ಮನೆಯ ಕಂಪ್ಯೂಟರಿಗೆ ಬರಲು ಆಗುತ್ತಿಲ್ಲ. ಕಂಪನಿಯವರು ಏನಾದರೂ ತಡೆದಿದ್ದಾರಾ?

ಬಹುಶಃ ಸಿಜಿನ್ಯಾಟ್, ಅಂದರೆ ಒಂದು ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ. ಇಂಟರ್ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಹಳೆಯ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅದರ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಕಂಪನಿಗಳು ಒಂದೇ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸುತ್ತವೆ. ನಿಮ್ಮ ರೂಟರಿನಲ್ಲಿ ವ್ಯಾನ್ ವಿಳಾಸ (ಕಂಪನಿ ರೂಟರಿಗೆ ಕೊಟ್ಟ ಹೊರಗಿನ ವಿಳಾಸ) 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಇದೇ ಕಾರಣ. ಸಿನಿಮಾ, ಕಾಲ್, ಬ್ರೌಸಿಂಗ್‌ಗೆ ಇದರಿಂದ ತೊಂದರೆ ಇಲ್ಲ. ಮನೆಯಲ್ಲಿ ಸರ್ವರ್ ನಡೆಸುವವರಿಗೆ, ಕೆಲವು ಗೇಮ್‌ಗಳಿಗೆ ತೊಂದರೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಕೊಡುತ್ತಾರಾ ಅಂತ ಮೊದಲು ಕೇಳಿ, ಇಲ್ಲದಿದ್ದರೆ ನಿಮಗೊಬ್ಬರಿಗೇ ಇರುವ, ಬದಲಾಗದ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ಕೊಡಬೇಕಾಗುತ್ತದೆ.

99 ಪರ್ಸೆಂಟ್ ಅಪ್‌ಟೈಮ್ ಅಂತ ಹೇಳಿದ್ದಾರೆ. ಚೆನ್ನಾಗಿದೆ ಅಲ್ವಾ?

ಕೇಳಲು ಚೆನ್ನಾಗಿದೆ. 30 ದಿನದ ತಿಂಗಳಲ್ಲಿ ಒಂದು ಪರ್ಸೆಂಟ್ ಅಂದರೆ 7 ಗಂಟೆ 12 ನಿಮಿಷ. 99.9 ಆದರೆ ಬರೀ 43 ನಿಮಿಷ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅದು ತಪ್ಪಿದರೆ ಬಿಲ್‌ನಲ್ಲಿ ಎಷ್ಟು ಕಡಿತ ಅಂತ ಬರೆದಿಲ್ಲದಿದ್ದರೆ ಎರಡೂ ಬಾಯಿ ಮಾತೇ.

ಕರೆಂಟ್ ಹೋದರೆ ನೆಟ್ ಹೋಗಲೇಬೇಕಾ?

ಫೈಬರ್ ಆದರೆ ಬೇಕಿಲ್ಲ. ಜಿಪಾನ್ ಥರದ ವ್ಯವಸ್ಥೆಯಲ್ಲಿ ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಬೀದಿಯ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಕಂಪನಿಯ ಕಡೆ ಬ್ಯಾಕಪ್ ಇದ್ದು, ನಿಮ್ಮ ಓಎನ್‌ಟಿ ಮತ್ತು ರೂಟರಿಗೆ ಒಂದು ಸಣ್ಣ ಡಿಸಿ ಯುಪಿಎಸ್ ಹಾಕಿದರೆ ಕೆಲವು ಗಂಟೆ ನಡೆಯುತ್ತದೆ. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆ್ಯಂಪ್ ಅಂತ ಓದಿ ಅದಕ್ಕೆ ಹೊಂದುವುದನ್ನೇ ತನ್ನಿ.

ಮನೆಗೆ ನೆಟ್ ಬೇಕೇ ಬೇಕಾ? ಮೊಬೈಲ್ ಹಾಟ್‌ಸ್ಪಾಟ್ ಸಾಲದಾ?

ಒಬ್ಬರೇ ಇದ್ದು, ಸಿಗ್ನಲ್ ಚೆನ್ನಾಗಿದ್ದು, ವಿಡಿಯೋ ನೋಡುವುದು ಕಡಿಮೆ ಅಂದರೆ ಸಾಕು. ಸುಮ್ನೆ ಎರಡು ಬಿಲ್ ಯಾಕೆ? ಟಿವಿ ಅಥವಾ ಮನೆಯಿಂದ ಮಾಡುವ ಆಫೀಸ್ ಕೆಲಸದ ಕಾಲ್‌ಗಳು ಶುರುವಾದ ಮೇಲೆ ಯೋಚಿಸಿ.

ಈಗಿರುವ ಕಂಪನಿಯವರನ್ನು ರೇಟ್ ಇಳಿಸಿ ಅಂತ ಕೇಳಬಹುದಾ?

ಕೇಳಲೇಬೇಕು. ಹೊಸಬರಿಗೆ ಕೊಡುವ ಆಫರ್ ಹಳೆಯ ಗಿರಾಕಿಗೆ ತಾನಾಗಿ ಬರುವುದಿಲ್ಲ. ಪಕ್ಕದ ಕಂಪನಿಯ ರೇಟ್ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ, "ಕನೆಕ್ಷನ್ ತೆಗೆಸಬೇಕು" ಅನ್ನಿ. ಬಿಲ್ ವಿಭಾಗಕ್ಕೆ ಇಲ್ಲದ ಅಧಿಕಾರ ಕನೆಕ್ಷನ್ ತೆಗೆಯುವ ವಿಭಾಗಕ್ಕೆ ಇರುತ್ತದೆ. ಕೂಗಾಡುವ ಅಗತ್ಯ ಇಲ್ಲ. ಬೆದರಿಕೆ ಹಾಕಿದ ಮೇಲೆ ನಿಜವಾಗಿ ಬಿಡಲು ತಯಾರಿರಬೇಕು, ಅಷ್ಟೇ.

ಬಿಡುವುದೇ ಆದರೆ ಹೊಸ ಲೈನ್ ಬಂದು ಒಂದು ವಾರ ನಡೆದ ಮೇಲೆ ಹಳೆಯದನ್ನು ತೆಗೆಸಿ. ಕಂಪನಿ ಕೊಟ್ಟ ಮೇಲ್ ಐಡಿ ಬಳಸುತ್ತಿದ್ದರೆ ಮೊದಲು ಅದನ್ನು ಬೇರೆ ಕಡೆಗೆ ಬದಲಿಸಿಕೊಳ್ಳಿ, ಬ್ಯಾಂಕಿನ ಒಟಿಪಿ ಅಲ್ಲಿಗೆ ಹೋಗುತ್ತಿದ್ದರಂತೂ ಇನ್ನೂ ಮುಖ್ಯ. ಹಳೆಯ ರೂಟರ್ ವಾಪಸ್ ಕೊಟ್ಟಾಗ ರಸೀದಿ ತೆಗೆದುಕೊಳ್ಳಿ.

ಟೆಕ್ನಿಷಿಯನ್ ಬಂದ ದಿನ ಏನೇನು ನೋಡಿಕೊಳ್ಳಬೇಕು?

ಗೋಡೆ ಕೊರೆಯುವ ಮುಂಚೆ ರೂಟರ್ ಎಲ್ಲಿ ಬರಬೇಕು ಅಂತ ನೀವೇ ಹೇಳಿ. ಅವರಿಗೆ ಬಾಗಿಲ ಪಕ್ಕದ ಮೂಲೆಯೇ ಸುಲಭ, ವರ್ಷಗಟ್ಟಲೆ ಅನುಭವಿಸುವವರು ನೀವು. ಫೈಬರ್ ವಯರನ್ನು ಮೂಲೆಯಲ್ಲಿ ಚೂಪಾಗಿ ಮಡಿಸಲು ಬಿಡಬೇಡಿ, ಗುಂಡಗೆ ತಿರುಗಿಸಲಿ. ಅವರ ಮೀಟರಿನಲ್ಲಿ ಬೆಳಕಿನ ಮಟ್ಟ ಎಷ್ಟಿದೆ ಅಂತ ಕೇಳಿ. ಡಿಬಿಎಂ ಅನ್ನುವ ಅಳತೆಯಲ್ಲಿ ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 27ಕ್ಕೆ ಹತ್ತಿರ ಹೋದರೆ ಇವತ್ತು ನಡೆದರೂ ಮುಂದೆ ಕಾಟ ಕೊಡುತ್ತದೆ, ಜಾಯಿಂಟ್ ಸರಿ ಮಾಡಿಸಿ. ಕೇಬಲ್ ಚುಚ್ಚಿದ ಲ್ಯಾಪ್‌ಟಾಪಿನಲ್ಲಿ ಸ್ಪೀಡ್ ಟೆಸ್ಟ್ ಆಗುವವರೆಗೆ ಸಹಿ ಹಾಕಬೇಡಿ.

ಅವರು ಹೋದ ಮೇಲೆ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ವೈಫೈ ಸೆಕ್ಯುರಿಟಿ ಸೆಟ್ಟಿಂಗ್ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಪಾಸ್‌ವರ್ಡ್ ಇಲ್ಲದೆ ಬಟನ್ ಅಥವಾ ಪಿನ್ ನಂಬರ್‌ನಿಂದ ಸೇರಿಸುವ ಡಬ್ಲ್ಯುಪಿಎಸ್ ಆಫ್ ಇರಲಿ. ರೂಟರ್ ಕೆಳಗಿನ ಸ್ಟಿಕ್ಕರ್, ಗ್ರಾಹಕ ಸಂಖ್ಯೆ, ದೂರಿನ ನಂಬರ್ ಮೂರನ್ನೂ ಫೋಟೋ ತೆಗೆದು ಫೋನಿನ ಒಳಗೇ ಉಳಿಸಿಕೊಳ್ಳಿ. ಕ್ಲೌಡ್‌ನಲ್ಲಿ ಮಾತ್ರ ಇಟ್ಟರೆ, ಲೈನ್ ಹೋದ ದಿನ ಅದನ್ನು ತೆರೆಯಲು ನೆಟ್ ಇರುವುದಿಲ್ಲ.